ಎರಡು ಬಾಟಲಿಯ ಮೀನು

ಮೊನ್ನೆ ಬೆಳಿಗ್ಗೆ ಆರೋಗ್ಯ ಇಲಾಖೆಯ ಹುಡುಗಿಯೊಬ್ಬಳು ಪ್ಲಾಸ್ಟಿಕ್ ಚೀಲದಲ್ಲಿ ಗಪ್ಪಿ ಮೀನು ಹಿಡಿದು ರಾಯಚೂರಿನ ನಮ್ಮ ಮನೆಗೆ ಬಂದಳು. ಸೊಳ್ಳೆಮರಿ ತಿನ್ನುತ್ತವೆ, ತೊಟ್ಟಿಗೆ ಬಿಡಬೇಕಂತೆ. ಬಣ್ಣದ ಬಾಲದವು ಕೆಲವು, ಬರೀ ಬೂದು ಬಣ್ಣದವು ಕೆಲವು. ನೋಡುತ್ತಲೇ ಖೈರೂನಬಿ ನೆನಪಾದಳು.

ಎಪ್ಪತ್ತರ ದಶಕದ ಕೊನೆಯ ಮಾತು. ಮಾನ್ವಿಯ ಕಾಲೇಜಿಗೆ ಪ್ರಾಣಿಶಾಸ್ತ್ರ ಕಲಿಸಲು ಹೋಗಿದ್ದೆ. ಹೊಸ ಪದವಿಯ ಜಂಬ ತಲೆಗೇರಿತ್ತು. ನನ್ನ ಬಾಡಿಗೆ ಮನೆಗೂ ಪಕ್ಕದ ಖೈರೂನಬಿಯ ಮನೆಗೂ ಒಂದೇ ಬಾವಿ. ನಡುಗೋಡೆ ಬಾವಿಯ ಮೇಲೇ ಹಾದುಹೋಗಿತ್ತು. ನೀರು ಸೇದಲು ಆ ಕಡೆ ಒಂದು ಗಾಲಿ, ಈ ಕಡೆ ಒಂದು. ಇಬ್ಬರೂ ಬಗ್ಗಿದರೆ ನೀರಿನಲ್ಲಿ ಮುಖಗಳು ಕಾಣುತ್ತಿದ್ದವು. ನಮ್ಮ ಹರಟೆಯೆಲ್ಲ ಹಾಗೆಯೇ. ಅವಳ ಗಂಡ ದುಬೈಗೆ ಹೋಗಿ ನಾಲ್ಕು ವರ್ಷವಾಗಿತ್ತು.

ಒಮ್ಮೆ ಮಲೇರಿಯಾ ಇಲಾಖೆಯವರು ಯಾವ ಮೀನೆಂದೂ ಹೇಳದೆ ಬಾವಿಗೆ ಮೀನು ಬಿಟ್ಟು ಹೋದರು. ಕೊಡದ ಬಾಯಿಗೆ ಕಟ್ಟಿದ ಸೋಸುಬಟ್ಟೆಯಲ್ಲಿ ಸಿಕ್ಕವನ್ನು ಹಿಡಿದು, ಭೂತಗನ್ನಡಿ, ದಪ್ಪ ಪುಸ್ತಕ ಇಟ್ಟುಕೊಂಡು ಕೂತೆ. ಎರಡು ದಿನ ತಿಣುಕಿ ತೀರ್ಪು ಕೊಟ್ಟೆ: ಬಣ್ಣದ್ದು ದಕ್ಷಿಣ ಅಮೆರಿಕದ ಗಪ್ಪಿ, ಬೂದು ಬಣ್ಣದ್ದು ನಮ್ಮ ಹಳ್ಳದ ಯಾವುದೋ ಬಡಪಾಯಿ. ಎರಡನ್ನೂ ಬೇರೆ ಬೇರೆ ಬಾಟಲಿಗೆ ಹಾಕಿ, ಚೀಟಿ ಅಂಟಿಸಿ, ಬಾವಿಗೆ ಬಗ್ಗಿ ಹೆಮ್ಮೆಯಿಂದ ವರದಿ ಒಪ್ಪಿಸಿದೆ.

“ಅಯ್ಯ, ಗಂಡ-ಹೆಂಡ್ತೀನ ಯಾಕ ಅಗಲಿಸಿದ್ರಿ ಟೀಚರ್? ದಿನಾ ನೋಡಾಕತ್ತೀನ್ರಿ, ಆ ಬಣ್ಣದ್ದು ಇದರ ಬೆನ್ನ ಬಿಡಂಗಿಲ್ಲ,” ಎಂದಳು ಖೈರೂನಬಿ.

“ಪುಸ್ತಕ ಓದಿದಾಕಿ ನಾನೋ ನೀವೋ?” ಎಂದು ನಕ್ಕೆ.

“ಪುಸ್ತಕ ನಿಮಗ ಗೊತ್ತದರಿ. ಅಗಲಿ ಇರೋದು ನನಗ ಗೊತ್ತದ.”

ನೀರಿನಲ್ಲಿದ್ದ ಅವಳ ಮುಖ ಸರಿಯಿತು. ಆಮೇಲೆ ಬಹಳ ದಿನ ಅವಳ ಗಾಲಿಯ ಸದ್ದಷ್ಟೇ ಕೇಳಿಸಿತು.

ಬೇಸಿಗೆ ರಜೆಗೆ ಬಾಟಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ರಾಯಚೂರಿನ ಬಸ್ಸು ಹತ್ತಿದೆ. ಕಲ್ಮಲ ದಾಟುವಷ್ಟರಲ್ಲಿ ಸೀರೆ ಅರ್ಧ ತೊಯ್ದಿತ್ತು. ತವರಿನಲ್ಲಿ ಒಂದು ಬೆಳಿಗ್ಗೆ ನೋಡಿದರೆ ಬೂದು ಮೀನುಗಳ ಬಾಟಲಿಯ ತುಂಬ ಸಾಸಿವೆಯಷ್ಟು ಕಣ್ಣಿನ ಮರಿಗಳು! ಅಗಲಿಸುವ ಮೊದಲೇ ಬಸಿರಾಗಿದ್ದವು. ವಾರಗಳು ಕಳೆದಂತೆ ಕೆಲವು ಮರಿಗಳಿಗೆ ಅದೇ ಬಣ್ಣದ ಬಾಲ ಮೂಡಿತು. ಗಪ್ಪಿಗಳಲ್ಲಿ ಸಿಂಗಾರವೆಲ್ಲ ಗಂಡಿನದು, ಬೂದು ಬಣ್ಣದ್ದು ಹೆಣ್ಣು. ಇಷ್ಟು ತಿಳಿಯಲು ನನ್ನಂಥವಳಿಗೆ ಪದವಿ ಯಾಕೆ ಬೇಕಿತ್ತು, ನೀವೇ ಹೇಳಿ.

ಕಾಲೇಜು ತೆರೆದಾಗ ನೇರ ಬಾವಿಗೆ ಓಡಿದೆ. ಎರಡೂ ಬಾಟಲಿ ಒಟ್ಟಿಗೇ ಸುರಿದು, “ಖೈರೂನಬೀ” ಎಂದು ಕೂಗಿದೆ. ಹಿಂದಿನಿಂದ ನಮ್ಮ ಮನೆಯೊಡತಿ ಹೇಳಿದಳು: “ಆಕೀನ್ನ ಗಂಡ ದುಬೈಗೆ ಕರಿಸಿಕೊಂಡಾನವ್ವಾ. ಹೋಗಿ ಎಂಟು ದಿನ ಆತು.” ಸಂತೋಷಪಡಬೇಕಾದ ಸುದ್ದಿ. ನಾನು ಬಾವಿಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ. ತಪ್ಪಾಯಿತು ಎನ್ನಲು ಆಮೇಲೆ ಅವಳು ಸಿಗಲೇ ಇಲ್ಲ.

“ಬಣ್ಣದ್ದಷ್ಟ ಬಿಡ್ಲೇನ್ರಿ ಅಮ್ಮಾ? ಚಂದ ಕಾಣ್ತಾವ,” ಎಂದಳು ಮೊನ್ನೆ ಮೀನು ತಂದ ಹುಡುಗಿ.

“ಬ್ಯಾಡವ್ವಾ, ಎರಡೂ ಕೂಡೇ ಬಿಡು. ಗಂಡ-ಹೆಂಡ್ತಿ ಅವು.”

“ಟೀಚರ್ ಅಲ್ಲೇನ್ರಿ ನೀವು, ನಿಮಗ ಗೊತ್ತಿರ್ತದ.”

“ನನಗ ಗೊತ್ತಿರಲಿಲ್ಲ. ಖೈರೂನಬಿ ಹೇಳಿದ್ದು,” ಎಂದೆ.

ಅವಳು ಹೋದ ಮೇಲೆ ತೊಟ್ಟಿಗೆ ಬಗ್ಗಿದೆ. ನೀರು ನಿಂತಾಗ ಒಂದೇ ಮುಖ ಕಂಡಿತು.