ಬೀಗಿತ್ತಿಯ ಗಾಡಿಗೆ ಹತ್ತೊಂಬತ್ತರ ಚಕ್ರ

ಅಂಗಡಿಗೆ ಬಂದವರನ್ನು ಟೈರಮ್ಮ ಎಂದೂ ‘ಯಾವ ಗಾಡಿ?’ ಎಂದು ಕೇಳಿದವಳಲ್ಲ. ಗಾಡಿ ಕಣ್ಣೆದುರಿಗೇ ನಿಂತಿರುತ್ತದೆ. ಕಣ್ಣಿದ್ದವರು ಅದನ್ನು ಕೇಳಿ ತಿಳಿಯಬೇಕಾಗಿಲ್ಲ. ಆಕೆಯ ಮೊದಲ ಪ್ರಶ್ನೆ ‘ಎಲ್ಲಿಗೆ ಹೋಗ್ತೀರಿ?’ ಎಂಬುದು. ಎರಡನೆಯದು ಪ್ರಶ್ನೆಯಲ್ಲ, ಅಪ್ಪಣೆ: ‘ಚಪ್ಪಲಿ ಬಿಡಿ, ನೋಡೋಣ.’ ಗಿರಾಕಿ ತಬ್ಬಿಬ್ಬಾಗಿ ಒಂಟಿ ಕಾಲಿನಲ್ಲಿ ನಿಂತಿರುವಾಗ ಆಕೆ ಅವನ ಪಾದರಕ್ಷೆಯನ್ನು ಮಗುಚಿ, ಅಟ್ಟೆಯ ಸವೆತವನ್ನು ಹೆಬ್ಬೆರಳಿನಿಂದ ಸವರಿ ನೋಡುವಳು. ಹಿಮ್ಮಡಿ ಸವೆದಿದ್ದರೆ ಬ್ರೇಕನ್ನು ತುಳಿತುಳಿದು ಓಡಿಸುವವನು. ಬೆರಳುಗಳ ಜಾಗ ಸವೆದಿದ್ದರೆ ಅವಸರದವನು. ಒಂದೇ ಮಗ್ಗುಲು ಸವೆದಿದ್ದರೆ ಮನೆಯಲ್ಲಿ ಯಾರ ಮಾತನ್ನೂ ಕೇಳದವನು. ಇದಕ್ಕೇನು ಆಧಾರವೆಂದು ಕೆಣಕಿದರೆ ‘ನಮ್ಮ ಮಾವನೋರು ಹೀಗೇ ನೋಡ್ತಿದ್ರು’ ಎಂಬ ಉತ್ತರ ಸಿದ್ಧವಾಗಿತ್ತು. ಅದರ ಮುಂದೆ ಅಪೀಲು ಇರಲಿಲ್ಲ.

ಮಾವ ಕಟ್ಟಿದ ಅಂಗಡಿ ಅದು. ಬೀದಿಯ ತಿರುವಿನಲ್ಲಿ, ಬೀಗದ ಕೈ ಮಾಡುವವನಿಗೂ ದರ್ಜಿಗೂ ನಡುವೆ, ಸೂರಿನವರೆಗೆ ಪೇರಿಸಿದ ಕಪ್ಪು ಟೈರುಗಳ ಒಂದು ಗುಹೆ. ಮುಂದೆ ಸಿಮೆಂಟಿನ ಅಂಗಳ, ಅದರ ಎರಡು ಕಡೆ ಎತ್ತರದ ಗೋಡೆ. ಸೊಸೆಯಾಗಿ ಕಾಲಿಟ್ಟ ಹೊಸತರಲ್ಲಿ ರಬ್ಬರಿನ ವಾಸನೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು, ಕ್ರಮೇಣ ಕಣ್ಣು ಮುಚ್ಚಿಯೇ ಹೊಸ ಟೈರು ಯಾವುದು, ಉಗ್ರಾಣದಲ್ಲಿ ಕುಳಿತು ಮುದಿಯಾದದ್ದು ಯಾವುದು ಎಂದು ಹೇಳುವಷ್ಟು ಪಳಗಿದಳು. ಮಾವ ತೀರಿದ ಮೇಲೆ ಗಲ್ಲಾದ ಹಿಂದಿನ ಕುರ್ಚಿ ಮಗನಿಗಲ್ಲ, ಸೊಸೆಗೆ ಬಂತು. ಮಗನಿಗೆ ಅದರಿಂದ ಪರಮ ಸಂತೋಷವಾಯಿತು. ಆತ ಹಸನ್ಮುಖಿ, ಯಾರಿಗೂ ‘ಇಲ್ಲ’ ಎನ್ನಲು ಬಾರದವನು. ‘ಯಜಮಾನ್ರು ಗಾಳಿ ತುಂಬ್ತಾರೆ, ಯಜಮಾನ್ತಿ ಇಳಿಸ್ತಾರೆ’ ಎಂದು ದರ್ಜಿ ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದ.

ಇಂಥ ಟೈರಮ್ಮನಿಗೆ ಲೋಕದಲ್ಲಿ ಸರಿಸಮಳಾದವಳು ಒಬ್ಬಳೇ: ಬೀಗಿತ್ತಿ, ಅಂದರೆ ಮಗಳ ಅತ್ತೆ. ಪೇಟೆಯ ಇನ್ನೊಂದು ಕೊನೆಯಲ್ಲಿ ಆಕೆಗೆ ಕನ್ನಡಕದ ಅಂಗಡಿ. ಗಿರಾಕಿಯ ಮೂಗು ಕಂಡರೆ ಸಾಕು, ಅದಕ್ಕೆ ಒಪ್ಪುವ ಚೌಕಟ್ಟು ಯಾವುದೆಂದು ಆತ ಬಾಯಿ ತೆರೆಯುವ ಮೊದಲೇ ನಿರ್ಧರಿಸುವ ಪೈಕಿ. ಮದುವೆಯ ದಿನ ಭಾವಚಿತ್ರ ತೆಗೆಯುವಾಗ ಮಗಳ ಪಕ್ಕ ಯಾರು, ಮಗನ ಪಕ್ಕ ಯಾರು ಎಂಬ ವಿಷಯದಲ್ಲಿ ಇಬ್ಬರು ತಾಯಂದಿರೂ ಒಂದೇ ಜಾಗಕ್ಕೆ ಹೆಜ್ಜೆಯಿಟ್ಟು, ಇಬ್ಬರೂ ಹಿಂತೆಗೆಯದೆ ನಿಂತಿದ್ದರು. ಅಂದಿನಿಂದ ಅವರ ನಡುವೆ ‘ಚೆನ್ನಾಗಿದ್ದೀರಾ?’ ‘ಚೆನ್ನಾಗಿದ್ದೀವಿ’ ಎಂಬುದರಾಚೆಗೆ ಮಾತು ಬೆಳೆದಿರಲಿಲ್ಲ. ಅದನ್ನು ಜಗಳವೆನ್ನುವಂತಿಲ್ಲ, ಅತಿಯಾದ ಮರ್ಯಾದೆಯೆಂದರೆ ಸರಿಯಾದೀತು.

ಮಗಳೂ ಅಳಿಯನೂ ಈಗ ಬೆಟ್ಟದ ನೆತ್ತಿಯಲ್ಲಿ ಚಾರಣಿಗರ ತಂಗುಮನೆ ನಡೆಸುತ್ತಿದ್ದರು. ಡಾಂಬರು ಮುಗಿದ ಮೇಲೆ ಕಲ್ಲುಮಣ್ಣಿನ ದಾರಿ, ನಡುವೆ ಒಣಗಿದ ಹಳ್ಳ. ಮಳೆ ಹಿಡಿದರೆ ಹಳ್ಳ ತುಂಬಿ ತಿಂಗಳುಗಟ್ಟಲೆ ದಾರಿ ಬಂದ್. ಮಗಳ ಮುಖ ನೋಡದೆ ಟೈರಮ್ಮ ಆಗಲೇ ಒಂದು ಮಳೆಗಾಲ ಕಳೆದಿದ್ದಳು. ಇನ್ನೊಂದನ್ನು ಕಳೆಯುವ ಶಕ್ತಿ ಆಕೆಗಿರಲಿಲ್ಲ, ಅದನ್ನು ಯಾರೊಡನೆಯೂ ಆಡುವ ಅಭ್ಯಾಸವೂ ಇರಲಿಲ್ಲ. ಆಗ ಮಗಳ ಫೋನು ಬಂತು.

“ಅಮ್ಮಾ, ಮಳೆಗೆ ಮುಂಚೆ ಬಾ. ಆದ್ರೆ ಅತ್ತೆ ಜೊತೆ ಬಾ. ಒಬ್ಬೊಬ್ರೇ ಬಂದು ಇನ್ನೊಬ್ರ ಮೇಲೆ ಪುರಾಣ ಓದೋದಾದ್ರೆ ಇಬ್ರೂ ಬರಬೇಡಿ. ಅವ್ರಿಗೂ ಇದನ್ನೇ ಹೇಳಿದೀನಿ.”

ಮರುದಿನವೇ ಬೀಗಿತ್ತಿಯ ಗಾಡಿ ಅಂಗಳಕ್ಕೆ ನುಗ್ಗಿತು. ನಾಲ್ಕೂ ಚಕ್ರಕ್ಕೆ ಬಲ ಹರಿಯುವ, ಅರಮನೆಯಂಥ ಬಿಳಿಯ ಗಾಡಿ. ಕೊಂಡ ದಿನದಿಂದ ಅದರ ಪಾದಕ್ಕೆ ಮಣ್ಣು ಸೋಕಿರಲಿಲ್ಲ. ಅದು ಸೀದಾ ಬಂದು ಮೂಲೆಯಲ್ಲಿ, ಎರಡು ಗೋಡೆಗಳ ಸಂದಿಗೆ ಮೂತಿ ತೂರಿಸಿ ನಿಂತಿತು. ಮುಂದಿನ ಚಕ್ರದ ಬಳಿ ಬೆಕ್ಕು ನುಸುಳುವುದೂ ಕಷ್ಟವಿತ್ತು.

“ಚೆನ್ನಾಗಿದ್ದೀರಾ?” ಎಂದಳು ಬೀಗಿತ್ತಿ.

“ಚೆನ್ನಾಗಿದ್ದೀವಿ. ಎಲ್ಲಿಗೆ ಹೋಗ್ತೀರಿ?”

“ಎಲ್ಲಿಗೆ ಅಂತ ನಿಮಗೆ ಗೊತ್ತಿಲ್ವಾ?”

“ಎಲ್ರನ್ನೂ ಕೇಳ್ತೀನಿ. ಚಪ್ಪಲಿ ಬಿಡಿ, ನೋಡೋಣ.”

ಟೈರಮ್ಮನ ಗಂಡ ಕೆಮ್ಮಿದ. ಬೀಗಿತ್ತಿ ಹುಬ್ಬೇರಿಸಿದಳು; ಆದರೆ ಚಪ್ಪಲಿ ಬಿಟ್ಟಳು. ಅಟ್ಟೆ ಎಲ್ಲಿಯೂ ಸವೆದಿರಲಿಲ್ಲ. ಟೈರಮ್ಮ ಅದನ್ನು ಗೌರವದಿಂದ ಕೆಳಗಿಟ್ಟು, ಗಾಡಿಯ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ಇಪ್ಪತ್ತೆರಡು ಅಂಗುಲದ ರಿಮ್ಮು ಕನ್ನಡಿಯಂತೆ ಹೊಳೆಯುತ್ತಿತ್ತು. ಅದರ ಸುತ್ತ ರಬ್ಬರು ಬಳೆಯಷ್ಟೇ ತೆಳ್ಳಗಿತ್ತು.

“ಇದು ಮೆರವಣಿಗೆಗೆ ಸರಿ, ಬೆಟ್ಟಕ್ಕಲ್ಲ. ರಿಮ್ಮು ದೊಡ್ಡದಾದಷ್ಟೂ ಟೈರಿಗೆ ಉಳಿಯೋ ಜಾಗ ಕಮ್ಮಿ. ಕಲ್ಲು ಸಿಕ್ಕಿದ್ರೆ ರಬ್ಬರು ಕುಗ್ಗೋಕೆ ದಾರಿನೇ ಇಲ್ಲ, ಏಟು ಸೀದಾ ಲೋಹಕ್ಕೆ. ಹೊರಗಿನ ಸುತ್ತು ಇಷ್ಟೇ ಇರಲಿ. ಒಳಗಿನ ರಿಮ್ಮು ಚಿಕ್ಕದಾಗಲಿ, ರಬ್ಬರಿನ ಪಕ್ಕೆ ತುಂಬಿಕೊಳ್ಲಿ.”

“ಟ್ರ್ಯಾಕ್ಟರ್ ಥರ ಕಾಣಲ್ವಾ?”

“ಕೆಸರಿನ ಟೈರ್ ಹಾಕಿದ್ರೆ ಕಾಣುತ್ತೆ. ನಾನು ಹಾಕಲ್ಲ. ನಿಮ್ಮ ದಾರಿ ಮುಕ್ಕಾಲು ಪಾಲು ಡಾಂಬರು. ಆ ದಪ್ಪ ಹಲ್ಲು ಅಲ್ಲಿ ಹೋದಷ್ಟು ದೂರಾನೂ ಜೇನುಗೂಡಿನ ಥರ ಗುಂಯ್‌ಗುಡುತ್ತೆ, ಒದ್ದೆ ರಸ್ತೇಲಿ ಜಾರುತ್ತೆ. ಕಲ್ಲಿಗೂ ಡಾಂಬರಿಗೂ ಎರಡಕ್ಕೂ ಆಗೋ ಟೈರ್ ಇದೆ. ಅಗಲಾನೂ ಜಾಸ್ತಿ ಬೇಡ. ತಿರುಗಿಸುವಾಗ ಮೈಗೆ ಉಜ್ಜುತ್ತೆ. ಭಾರ ಹೊರೋ ಶಕ್ತಿ ಮಾತ್ರ ಕಂಪನಿ ಹೇಳಿದ್ದಕ್ಕಿಂತ ಕೂದಲೆಳೆಯಷ್ಟೂ ಕಮ್ಮಿ ಇರಬಾರದು.”

“ಕನ್ನಡಕಾನೂ ಹಂಗೇ,” ಎಂದಳು ಬೀಗಿತ್ತಿ ಅನಿಚ್ಛೆಯಿಂದ. “ಚೌಕಟ್ಟು ನೋಡಿ ಮರುಳಾಗ್ತಾರೆ. ಕಾಣಿಸೋದು ಗಾಜಿನಿಂದ.”

ಟೈರಮ್ಮ ಹಿಂದಿನ ಚಕ್ರವನ್ನು ಕಳಚಿಸಿ, ಒಳಗಿನ ಬ್ರೇಕಿನ ಗಾತ್ರವನ್ನು ಅಳೆದಳು. ಹದಿನೆಂಟು ಅಂಗುಲದ ರಿಮ್ಮು ಧಾರಾಳವಾಗಿ ಕೂರುತ್ತಿತ್ತು. ಗಂಡ ಮೂಲೆಯತ್ತ ಕಣ್ಣು ಹಾಯಿಸಿದ.

“ಮುಂದಿನದನ್ನೂ ಒಂದ್ಸಲ ಬಿಚ್ಚಿ ನೋಡೋದಲ್ವಾ?”

ನೋಡಬೇಕಾದರೆ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕು. ತೆಗೆಯಲು ಬೀಗಿತ್ತಿಯನ್ನು ಕೇಳಬೇಕು. ಬೀಗಿತ್ತಿಯಾದರೋ ಕೀಲಿಯನ್ನು ಚೀಲದಲ್ಲಿ ಹಾಕಿ ಜಿಪ್ಪೆಳೆದು, ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ‘ದಯವಿಟ್ಟು’ ಎಂಬ ಪದ ಟೈರಮ್ಮನ ಗಂಟಲಿನವರೆಗೆ ಬಂದು ಹಿಂದಿರುಗಿತು.

“ಒಂದೇ ಗಾಡಿಗೆ ನಾಲ್ಕು ಥರದ ಕಾಲಿರುತ್ತಾ? ಹಿಂದಿನದು ಹೇಗೋ ಮುಂದಿನದೂ ಹಾಗೇ. ನನ್ನ ಕಣ್ಣಳತೆ ತಪ್ಪಲ್ಲ.”

ಬೀಗಿತ್ತಿ ಗಾಡಿಯನ್ನು ಅಲ್ಲಿಯೇ ಬಿಟ್ಟು, ಕೀಲಿ ಸಮೇತ ಆಟೋ ಹತ್ತಿ ಹೊರಟುಹೋದಳು. ‘ಎಂಥಾ ಬಿಂಕ ನೋಡಿ! ನಮ್ಮ ಕೈಗೆ ಕೀಲಿ ಕೊಟ್ರೆ ಗಾಡಿ ಸವೆದುಹೋಗುತ್ತಾ?’ ಎಂದು ಟೈರಮ್ಮ ಸಂಜೆಯವರೆಗೆ ಗೊಣಗಿದಳು.

ರಿಮ್ಮುಗಳೂ ಟೈರುಗಳೂ ಬಂದ ದಿನ ಬೀಗಿತ್ತಿಯೂ ಬಂದಳು. ಹಿಂದಿನ ಎರಡು ಚಕ್ರಗಳು ಹೇಳಿ ಮಾಡಿಸಿದಂತೆ ಕುಳಿತವು. ಆಮೇಲೆ ಬೀಗಿತ್ತಿ ಕೀಲಿಯನ್ನು ಯಜಮಾನನ ಕೈಗಿತ್ತು ‘ನೀವೇ ಹಿಂದಕ್ಕೆ ತಗೊಳ್ಳಿ’ ಎಂದು, ಗಿರಾಕಿಗಳಿಗೆಂದು ಇದ್ದ ಗಾಜಿನ ಕೋಣೆಯೊಳಗೆ ಹೋಗಿ ಕುಳಿತಳು. ಗಂಡ ಗಾಡಿಯನ್ನು ಹಿಂದೆ ಸರಿಸಿ, ಮುಂದಿನ ಚಕ್ರ ಬಿಚ್ಚಿ, ಹೊಸದನ್ನು ಎತ್ತಿ ಹಿಡಿದ. ಅದು ಒಳಗೆ ಹೋಗಲಿಲ್ಲ. ಮುಂದಿನ ಬ್ರೇಕು ಹಿಂದಿನದರ ಅಣ್ಣನಂತಿತ್ತು. ಅದರ ದಪ್ಪ ಕಬ್ಬಿಣದ ಇಕ್ಕಳ ರಿಮ್ಮಿನ ಒಳಮೈಗೆ ಒತ್ತಿಕೊಂಡು ಕುಳಿತಿತು. ಚಕ್ರವನ್ನು ತಿರುಗಿಸಿದರೆ ಒಂದು ಕೂದಲಿನಷ್ಟೂ ಕದಲದು.

ಟೈರಮ್ಮ ಚಕ್ರದಿಂದ ಕಣ್ಣೆತ್ತಿದಳು. ಆಚೆ ಬೆಟ್ಟದ ಕಡೆ ಮೋಡ ಕಟ್ಟುತ್ತಿತ್ತು.

“ನಡುವೆ ಒಂದು ಬಿಲ್ಲೆ ಇಟ್ಟು ಚಕ್ರಾನ ಹೊರಕ್ಕೆ ತಳ್ಳೋಣ್ವಾ?” ಎಂದ ಗಂಡ, ಪಿಸುಮಾತಿನಲ್ಲಿ.

“ಬೆಟ್ಟದ ಕಲ್ಲಿನ ಮೇಲೆ? ನನ್ನ ಕೈಯಲ್ಲಿ? ಸಾಧ್ಯವಿಲ್ಲ.”

“ಹಾಗಾದ್ರೆ ತಪ್ಪು ಮಾಲು ಕಳಿಸಿದಾರೆ ಅಂದ್ಬಿಡೋಣ. ಪಾಪ, ಕಳಿಸಿದವ್ರಿಗೆ ಇಲ್ಲಿ ಬಂದು ಕೇಳಿಸಿಕೊಳ್ಳೋಕಾಗಲ್ಲ.”

ಸುಳ್ಳು ಸುಲಭವಾಗಿತ್ತು, ಕೈಗೆಟುಕುವಷ್ಟು ಹತ್ತಿರವೂ ಇತ್ತು. ನಿಜ ಹೇಳಿದರೆ ಬೀಗಿತ್ತಿ ಮುಖ ತಿರುಗಿಸಿ ಹೊರಡಬಹುದು. ಹೊರಟರೆ ಮಗಳು ಇನ್ನೊಂದು ಮಳೆಗಾಲದಾಚೆಗೆ. ಟೈರಮ್ಮ ಕೈಯ ಎಣ್ಣೆಮಸಿಯನ್ನು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಒರೆಸಿದಳು. ಆದರೆ ಆಕೆಯ ಜೀವಮಾನದ ಹಮ್ಮೆಲ್ಲ ನಿಂತಿದ್ದುದೇ ಒಂದು ಮಾತಿನ ಮೇಲೆ: ಈ ಅಂಗಡಿಯಲ್ಲಿ ಸುಳ್ಳಿಗೆ ಜಾಗವಿಲ್ಲ. ಹಮ್ಮನ್ನು ಉಳಿಸಿಕೊಳ್ಳಬೇಕಾದರೆ ಹಮ್ಮನ್ನು ಬಿಡಬೇಕಾದ ಇಕ್ಕಟ್ಟು ಆಕೆಗೆ ಹೊಸದು. ಆಕೆ ಗಾಜಿನ ಬಾಗಿಲು ತಳ್ಳಿದಳು.

“ಬೀಗಿತ್ತಿಯವ್ರೇ, ಮುಂದಿನ ಚಕ್ರ ಕೂರ್ತಿಲ್ಲ. ತಪ್ಪು ನನ್ನದೇ. ಹಿಂದಿನದು ಮಾತ್ರ ಅಳೆದೆ. ಗಾಡಿ ಒಂದು ಮಾರು ಹಿಂದಕ್ಕೆ ತಗೊಳ್ಳಿ ಅಂತ ನಿಮ್ಮನ್ನ ಕೇಳ್ಬೇಕಿತ್ತು. ಕೇಳೋಕೆ ನಾಲಿಗೆ ಏಳಲಿಲ್ಲ.”

ಬೀಗಿತ್ತಿ ಚೀಲದ ಜಿಪ್ಪನ್ನು ಒಮ್ಮೆ ತೆರೆದು, ಒಮ್ಮೆ ಮುಚ್ಚಿದಳು. ಅವಳ ತುಟಿ ಅದುರತೊಡಗಿತು. ಅಳುತ್ತಿರುವಳೆಂದು ಟೈರಮ್ಮ ಗಾಬರಿಯಾದಳು. ನೋಡಿದರೆ ಆಕೆ ನಗು ತಡೆಯುತ್ತಿದ್ದಳು.

“ಕೇಳದೇ ಇದ್ದದ್ದು ನನ್ನ ಪುಣ್ಯ. ಕೇಳಿದ್ರೆ ಅವತ್ತೇ ನನ್ನ ಮಾನ ಹೋಗ್ತಿತ್ತು. ನನಗೆ ಆ ಗಾಡಿ ಹಿಂದಕ್ಕೆ ತಗೊಳ್ಳೋಕೆ ಬರೋದೇ ಇಲ್ಲ ಕಣ್ರೀ!”

“ಏನಂದ್ರಿ?”

“ಬರಲ್ಲ ಅಂದೆ. ಮುಂದಕ್ಕೆ ಎಷ್ಟು ಬೇಕಾದ್ರೂ ಓಡಿಸ್ತೀನಿ. ಹಿಂದಕ್ಕೆ ಅಂದ್ರೆ ಮನೆ ತಳ್ಳಿದ ಹಾಗಾಗುತ್ತೆ. ಮೊದ್ಲು ಮಗ ಮಾಡ್ಕೊಡ್ತಿದ್ದ. ಅವನು ಬೆಟ್ಟಕ್ಕೆ ಹೋದ ಮೇಲೆ ಸುತ್ತು ಹೊಡೆದು ಬರೋಕೆ ಜಾಗ ಇದ್ದ ಕಡೆ ಮಾತ್ರ ಹೋಗ್ತೀನಿ. ಅದಕ್ಕೇ ಅವತ್ತು ಇಲ್ಲೇ ಬಿಟ್ಟು ಆಟೋ ಹತ್ತಿದ್ದು.”

“ನಾವು ಅದನ್ನ ಬಿಂಕ ಅಂದ್ಕೊಂಡ್ವಿ.”

“ಅಂದ್ಕೊಳ್ಲಿ ಅಂತಾನೇ ಚೀಲ ಹಂಗೆ ಹಿಡ್ಕೊಂಡಿದ್ದು.”

ಗಾಜಿನ ಕೋಣೆಯೊಳಗಿನಿಂದ ಎರಡು ಹೆಂಗಸರ ನಗು ಒಟ್ಟಿಗೇ ಹೊರಟದ್ದನ್ನು ಕೇಳಿ ಗಂಡ ಜಾಕನ್ನು ಕೈಬಿಟ್ಟ. ದರ್ಜಿ ಕತ್ತರಿ ಸಮೇತ ಬೀದಿಗೆ ಬಂದ.

ಈ ಸಲ ಟೈರಮ್ಮ ಮುಂದಿನ ಬ್ರೇಕನ್ನು ತಾನೇ ಅಳೆದಳು. ಹತ್ತೊಂಬತ್ತರ ರಿಮ್ಮು ಕೂರುತ್ತಿತ್ತು. ರಬ್ಬರಿನ ಪಕ್ಕೆ ಮೊದಲು ಹೇಳಿದ್ದಕ್ಕಿಂತ ತುಸು ಕಡಿಮೆ, ಆದರೂ ಸಾಲುವಷ್ಟು. ಹದಿನೆಂಟನ್ನು ಮರಳಿಸಿ ಹತ್ತೊಂಬತ್ತು ಬರುವವರೆಗೆ, ಗಾಡಿಗೆ ಹಳೆಯ ಚಕ್ರಗಳನ್ನೇ ಹಾಕಿ, ಗಂಡ ಬೀಗಿತ್ತಿಗೆ ಅಂಗಳದಲ್ಲಿ ಹಿಮ್ಮುಖ ಓಟ ಕಲಿಸಿದ. ಆತನ ತಾಳ್ಮೆಗೆ ತಕ್ಕ ಶಿಷ್ಯೆ ಕೊನೆಗೂ ದೊರಕಿದ್ದಳು. ‘ಎಡಕ್ಕೆ, ಎಡಕ್ಕೆ... ಅದು ನಿಮ್ಮ ಎಡ, ನಾನು ಹೇಳಿದ್ದು ಗಾಡಿಯ ಎಡ’ ಎನ್ನುವಷ್ಟರಲ್ಲಿ ಹಳೆಯ ಟೈರುಗಳ ಒಂದು ಗೋಪುರ ಕುಸಿಯಿತು. ಅದರಲ್ಲೊಂದು ಬೀದಿಗುಂಟ ಉರುಳಿ ದರ್ಜಿಯ ಹೊಸ್ತಿಲಲ್ಲಿ ಮಲಗಿತು.

“ಅಳತೆ ಕೊಡೋಕೆ ಬಂದಿದೆ,” ಎಂದು ಕೂಗಿದ ದರ್ಜಿ. “ಸೊಂಟ ಸ್ವಲ್ಪ ಜಾಸ್ತಿ!”

ಹತ್ತೊಂಬತ್ತರ ಚಕ್ರಗಳು ಬಂದಾಗ ಗಾಳಿಯಲ್ಲಿ ಮಳೆಯ ವಾಸನೆಯಿತ್ತು. ನಾಲ್ಕನ್ನು ತೊಡಿಸಿ, ಅಂಥದೇ ಐದನೆಯದನ್ನು ಹಿಂದೆ ಹೊರಿಸಿದ್ದಾಯಿತು. ಮರುದಿನ ಬೆಳಗ್ಗೆ ಅಂಗಡಿಯನ್ನು ಗಂಡನಿಗೊಪ್ಪಿಸಿ, ‘ಯಾರಿಗೂ ಸುಮ್ಮಸುಮ್ಮನೆ ಹೂಂ ಅನ್ಬೇಡಿ’ ಎಂದು ಎಚ್ಚರಿಸಿ ಟೈರಮ್ಮ ಗಾಡಿ ಹತ್ತಿದಳು.

ಡಾಂಬರಿನ ಮೇಲೆ ಗಾಡಿ ಸದ್ದಿಲ್ಲದೆ ಸಾಗಿತು. ಡಾಂಬರು ಮುಗಿದೊಡನೆ ಟೈರಮ್ಮ ನಿಲ್ಲಿಸಲು ಹೇಳಿ, ಇಳಿದು, ಒಂದೊಂದೇ ಚಕ್ರದ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು.

“ತುಂಬಿದ ಗಾಳೀನ ಯಾಕ್ರೀ ಬಿಡ್ತೀರಿ?” ಬೀಗಿತ್ತಿ ಕಿಟಕಿಯಿಂದ ಕತ್ತು ಚಾಚಿದಳು.

“ಉಬ್ಬಿಕೊಂಡಿರೋ ಟೈರು ಕಲ್ಲಿನ ಮೇಲೆ ಕುಣಿಯುತ್ತೆ. ಸ್ವಲ್ಪ ಮೆತ್ತಗಾದ್ರೆ ಕಲ್ಲನ್ನ ತಬ್ಬಿ ಹಿಡಿಯುತ್ತೆ. ಡಾಂಬರಿಗೆ ವಾಪಸ್ ಬಂದಾಗ ತುಂಬೋಕೆ ಪಂಪು ತಂದಿದೀನಿ. ಈಗ ಮೆಲ್ಲಗೆ ಹೋಗಿ, ಕಲ್ಲನ್ನ ಪಕ್ಕೆಗೆ ತಗುಲಿಸಬೇಡಿ, ಅದರ ಮೇಲೇ ಹತ್ತಿಸಿ.”

“ಹತ್ತಿಸೋಳು ನಾನು. ನೀವು ಸುಮ್ಮನೆ ಕೂತ್ಕೊಳ್ಳಿ.”

“ಕೂತಿದೀನಿ. ಆ ಚೂಪುಗಲ್ಲು ಕಾಣ್ತಿದೆ ತಾನೆ?”

“ಕನ್ನಡಕದಂಗಡಿ ನಂದು!”

ಹಳ್ಳದ ಉರುಳುಗಲ್ಲುಗಳ ನಡುವೆ ಗಾಡಿ ಎರಡು ಸಲ ಓಲಾಡಿತು. ಎಲ್ಲಿಯೋ ಕಲ್ಲೊಂದು ಕಟಕ್ಕೆಂದಾಗ ಇಬ್ಬರೂ ಉಸಿರು ಹಿಡಿದರು. ರಬ್ಬರು ಕುಗ್ಗಿ, ಕಲ್ಲನ್ನು ನುಂಗಿ, ಮತ್ತೆ ಉಬ್ಬಿತು. ಗಾಡಿ ಆಚೆ ದಡವನ್ನು ಕಚ್ಚಿ ಹಿಡಿದು ಮೇಲೇರಿತು. ಮೊದಲ ಹನಿಗಳು ಗಾಜಿಗೆ ತಟ್ಟುವ ಹೊತ್ತಿಗೆ ತಂಗುಮನೆಯ ತಗಡಿನ ಸೂರು ಕಾಣಿಸಿತು.

ಮಗಳು ಬಾಗಿಲಿನಿಂದ ಓಡಿ ಬಂದಳು, ಅವಳ ಹಿಂದೆಯೇ ಅಳಿಯನೂ ಬಂದ. ಬೀಗಿತ್ತಿ ಎಂಜಿನ್ ನಿಲ್ಲಿಸಿ ಗಂಭೀರವಾಗಿ ನುಡಿದಳು: “ನೀವು ಮೊದ್ಲು ಇಳೀರಿ.”

“ಗಾಡಿ ನಿಮ್ಮದು. ನೀವೇ ಇಳೀರಿ.”

“ಚಕ್ರ ನಿಮ್ಮದಲ್ವಾ?”

“ಇಬ್ರೂ ಹೀಗೇ ಕೂತಿದ್ರೆ ಹಳ್ಳ ತುಂಬುತ್ತೆ,” ಎಂದು ಮಗಳು ನಗುತ್ತಾ ತಾಯಿಯ ಕಡೆಯ ಬಾಗಿಲನ್ನು ಎಳೆದಳು. ಟೈರಮ್ಮ ಇಳಿದಳು; ಇಳಿದವಳೇ ಬಗ್ಗಿ, ಮುಂದಿನ ಟೈರಿನ ಪಕ್ಕೆಯನ್ನು ಗೀರಿದೆಯೇನೋ ಎಂದು ಸುತ್ತಲೂ ಸವರತೊಡಗಿದಳು.

“ಅಮ್ಮಾ! ಅದೆಲ್ಲೂ ಓಡಿ ಹೋಗಲ್ಲ. ನಾನಿಲ್ಲಿ ನಿಂತಿದೀನಿ.”

“ಇರೇ, ಬಂದೆ,” ಎಂದಳು ಟೈರಮ್ಮ. ಆದರೆ ತಲೆಯೆತ್ತಲಿಲ್ಲ. ಕಣ್ಣು ತುಂಬಿದ್ದನ್ನು ಬೀಗಿತ್ತಿ ನೋಡಬಾರದಲ್ಲ. ಮಳೆಯೊಂದಿಷ್ಟು ಜೋರಾಗಲಿ ಎಂದು ಕಾಯುತ್ತಿದ್ದಳು. ಗಾಡಿಯ ಆಚೆ ಮಗ್ಗುಲಿನಲ್ಲಿ ಬೀಗಿತ್ತಿಯೂ ಮಗನ ಭುಜಕ್ಕೆ ಮುಖವೊತ್ತಿ ನಿಂತವಳು, ಬಹಳ ಹೊತ್ತಿನವರೆಗೆ ಈ ಕಡೆಗೆ ಬರಲೇ ಇಲ್ಲ.