ಖಾಲಿ ಮಾಡುವುದಿಲ್ಲ ತಾನೇ?

ಫ್ರಿಸ್ಕೋ ಊರಿನ ನಮ್ಮ ಬಾಡಿಗೆ ಅಪಾರ್ಟ್‌ಮೆಂಟಿನ ಬಾಗಿಲು ತಟ್ಟಿದ ಅಪರಿಚಿತ ದಂಪತಿ, "ಈ ಮನೆ ಖಾಲಿಯಾಗುತ್ತಂತೆ, ನೋಡಬಹುದೇ?" ಎಂದರು. ನಾವು ಖಾಲಿ ಮಾಡುವ ಮಾತೇ ಇರಲಿಲ್ಲ. ಮೊಮ್ಮಗಳ ಶಾಲೆ ಎದುರಿಗೇ ಇದೆ. ಲೀಸ್ ಮುಂದುವರಿಸುವುದಾಗಿ ಮ್ಯಾನೇಜರ್‌ಗೆ ಫೋನಿನಲ್ಲಿ ನಾನೇ ತಿಳಿಸಿ, ಎಂದಿನಂತೆ ಡೈರಿಯಲ್ಲೂ ಬರೆದಿಟ್ಟಿದ್ದೆ. ಮಗಳನ್ನು ಕರೆದುಕೊಂಡು ಲೀಸಿಂಗ್ ಆಫೀಸಿಗೆ ಓಡಿದೆ.

"ಖಾಲಿ ಮಾಡುವುದಿಲ್ಲ ತಾನೇ ಎಂದು ಕೇಳಿದೆ. ನೀವು ಯೆಸ್ ಅಂದಿರಿ," ಎಂದಳು ಮ್ಯಾನೇಜರ್.

"ಯೆಸ್, ಖಾಲಿ ಮಾಡುವುದಿಲ್ಲ!"

"ಇಂಗ್ಲಿಷಿನಲ್ಲಿ ಯೆಸ್ ಅಂದರೆ ಖಾಲಿ ಮಾಡುತ್ತೀರಿ ಅಂತಲ್ಲವೇ? ಮಾಡದಿದ್ದರೆ ನೋ ಅನ್ನಬೇಕು."

ಮಗಳು ಮೆಲ್ಲಗೆ, "ಅಮ್ಮಾ, ನೀನು ಇಂಗ್ಲಿಷ್ ಎಂ.ಎ. ಅಲ್ವಾ?" ಎಂದಳು.

ಪುಣ್ಯಕ್ಕೆ ಮನೆಯನ್ನು ಇನ್ನೂ ಯಾರಿಗೂ ಬಾಡಿಗೆಗೆ ಕೊಟ್ಟಿರಲಿಲ್ಲ. ಮ್ಯಾನೇಜರ್ ಹೊಸ ಲೀಸನ್ನು ಮುಂದಿಟ್ಟು ಕೇಳಿದಳು: "ಮತ್ತೆ ಮನಸ್ಸು ಬದಲಾಯಿಸುವುದಿಲ್ಲ ತಾನೇ?"

ನಾನು ಬಾಯಿ ತೆರೆಯಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ಪೆನ್ನು ಎತ್ತಿಕೊಂಡು ಸಹಿ ಹಾಕಿದೆ.