ಕೆಟ್ಟದ್ದು ಮಂಗಳಾಳ ಸಾಲಿನಲ್ಲಿ

ಗೆಳೆಯರೇ, ಇವತ್ತು ಬೆಳಿಗ್ಗೆ ಚಾಮರಾಜನಗರದ ನಮ್ಮ ಪುಟ್ಟ ಆಫೀಸಿನಲ್ಲಿ, ಕಲ್ಯಾಣ ಮಂಟಪದ ಯಜಮಾನರ ಎದುರಿಗೇ ಅವರ ಹೊಸ ವೆಬ್‌ಸೈಟ್ ಕೆಟ್ಟು ನಿಂತಿತು. ಪರದೆಯ ತುಂಬ, ಸೈಟು ಬರೆದ ಪಿಎಚ್‌ಪಿ ಭಾಷೆಯ ಎರರ್ ಸಾಲುಗಳು. ಮೊದಲ ಸಾಲಿನಲ್ಲೇ ಮಂಗಳಾ ಬರೆದ ಫೈಲಿನ ಹೆಸರಿತ್ತು. ಮಂಗಳಾ ಕುದೇರಿನ ಹುಡುಗಿ, ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದವಳು.

"ಏನಮ್ಮಿ ಇಂಗ್ ಮಾಡ್ಬುಟ್ಟೆ? ಮಾನ ಕಳ್ದ್ಬುಟ್ಟಲ್ಲ" ಎಂದರು ನಮ್ಮ ಮಾಲೀಕ ಶಿವಣ್ಣ.

"ನಾಳಿಂದ ಬರಕಿಲ್ಲ ಸಾರ್" ಎಂದು ಮಂಗಳಾ ಬ್ಯಾಗು ಹೆಗಲಿಗೇರಿಸಿದಳು.

ನಾನು ತಡೆದೆ. "ನಿನ್ ಸಾಲಲ್ಲಿ ಕೆಟ್ಟು ನಿಂತದೆ ಅಷ್ಟೇ ಕಣಮ್ಮಿ. ಅಲ್ಲಿಗೆ ಕಳ್ಸಿದ್ಯಾರು ಅಂತ ಕೆಳಗಿನ್ ಸಾಲು ಹೇಳ್ತವೆ, ಓದನ ಬಾ."

ಇಬ್ಬರೂ ಕೂತು ಓದಿದೆವು. ಅವಳ ಫೈಲಿಗೆ ಮದುವೆಯ ದಿನಾಂಕ ಬರಬೇಕಿತ್ತು, ಬಂದದ್ದು ಬರೀ ಖಾಲಿ. ಹಾಗೆ ಕಳಿಸಿದ್ದು ಶಿವಣ್ಣನವರೇ ಬರೆದ ಫೈಲು. ಮಂಗಳಾ ಆ ಸಾಲಿನ ಮೇಲೆ ಬೆರಳಿಟ್ಟಳು.

ಶಿವಣ್ಣ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಆಮೇಲೆ ಮೆಲ್ಲಗೆ, "ತಪ್ಪು ನಂದೇಯ. ಬೇಜಾರ್ ಮಾಡ್ಕೋಬ್ಯಾಡ ಕಣಮ್ಮಿ, ಕೂತ್ಕೋ" ಎಂದರು. ಅವಳು ಕಣ್ಣೊರೆಸಿಕೊಂಡು ಕೂತಳು.

ಮಂಟಪದ ಯಜಮಾನರು ಪರದೆಯತ್ತ ಕೈ ತೋರಿಸಿ ಕೇಳಿದರು: "ಮದ್ವೆಮನೆ ಜಗಳ ಎಲ್ಲಿಂದ ಸುರುವಾಯ್ತು ಅಂತ್ಲೂ ಇದು ಹೇಳ್ತದಾ?"